ಹಿಮ ಕರಗಿದ ಮೇಲೂ ಸ್ಕೀ ಬೆಟ್ಟಕ್ಕೆ ಜನ ಬರಬೇಕು: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ

ಮಧ್ಯಮ ಗಾತ್ರದ ಸ್ಕೀ ರೆಸಾರ್ಟ್. ತಪ್ಪಲಿನಿಂದ ನೆತ್ತಿಗೆ 300 ಮೀಟರ್ ಏರಿಕೆ. ನಾಲ್ಕು ಸೀಟಿನ ಡಿಟ್ಯಾಚಬಲ್ (ಸ್ಟೇಷನ್ನಿನಲ್ಲಿ ಕುರ್ಚಿ ಹಗ್ಗದಿಂದ ಬಿಡಿಸಿಕೊಳ್ಳುವ) ಚೇರ್‌ಲಿಫ್ಟ್ ಒಂದು, ಟಿ-ಬಾರ್ (ಸ್ಕೀ ಮೇಲೆ ನಿಂತವರನ್ನು ನೆಲದ ಮೇಲೇ ಎಳೆದೊಯ್ಯುವ ಲಿಫ್ಟ್) ಎರಡು, ಕೃತಕ ಹಿಮಕ್ಕೆ ನೀರು ನಿಲ್ಲಿಸುವ ಕೊಳ, ಕೆಳಗೆ ಕ್ಯಾಂಟೀನ್ ಇರುವ ಲಾಡ್ಜ್. ಸೀಸನ್ ಮುಗಿದರೆ ಎಲ್ಲಕ್ಕೂ ಬೀಗ. ಆಡಳಿತದವರು ಜಿಪ್‌ಲೈನ್ (ತಂತಿಗೆ ನೇತು ಜಾರುವುದು), ಕೋಸ್ಟರ್ (ಇಳಿಜಾರಿನಲ್ಲಿ ಕೂತು ಇಳಿಯುವ ಬಂಡಿ), ಬೈಕ್ ಪಾರ್ಕ್ (ಲಿಫ್ಟಿನಲ್ಲಿ ಹತ್ತಿ ಮೌಂಟನ್ ಸೈಕಲ್ಲಿನಲ್ಲಿ ಇಳಿಯುವ ದಾರಿಗಳು) ಮೂರನ್ನೂ ಒಟ್ಟಿಗೆ ಮಾಡೋಣ ಅನ್ನುತ್ತಿದ್ದಾರೆ. ಅಷ್ಟಕ್ಕೆ ದುಡ್ಡಿಲ್ಲ. ಮೊದಲು ಯಾವುದು? ಎಲ್ಲಿ ಕೈ ಸುಟ್ಟುಕೊಳ್ಳುತ್ತಾರೆ? ತಿಳಿದವರು ಹೇಳಿ.

ಲಿಫ್ಟ್ ವಿಭಾಗದವರು

ಮೂರರಲ್ಲಿ ಯಾವುದು ಅನ್ನೋದಕ್ಕೆ ಮುಂಚೆ ಲಿಫ್ಟಿನ ಕಾಗದಪತ್ರ ತೆಗೆದು ನೋಡಿ. ಚಳಿಗಾಲದಲ್ಲಿ ಜನ ಕೂತು ಹತ್ತುತ್ತಾರೆ, ಜಾರಿಕೊಂಡು ಇಳಿಯುತ್ತಾರೆ. ಕೆಳಗೆ ಬರುವ ಕುರ್ಚಿಗಳು ಖಾಲಿ. ಬೇಸಿಗೆಯಲ್ಲಿ ಹತ್ತಿದವರಲ್ಲಿ ಬಹುಪಾಲು ಅದೇ ಲಿಫ್ಟಿನಲ್ಲಿ ಇಳಿಯಬೇಕು. ಇಳಿಯುವ ಕಡೆ ತುಂಬಿ ಏರುವ ಕಡೆ ಖಾಲಿಯಾದರೆ ಜನರ ಭಾರವೇ ಹಗ್ಗವನ್ನು ಎಳೆಯತೊಡಗುತ್ತದೆ. ಆಗ ಮೋಟಾರಿನ ಕೆಲಸ ಎಳೆಯುವುದಲ್ಲ, ತಡೆಹಿಡಿಯುವುದು. ಬ್ರೇಕುಗಳಿಗೂ ಆ ಭಾರ ನಿಲ್ಲಿಸುವ ತಾಕತ್ತು ಬೇಕು. ಅದಕ್ಕೇ ಎಷ್ಟೋ ಚೇರ್‌ಲಿಫ್ಟ್‌ಗಳಿಗೆ ಇಳಿಸುವಾಗ ಇಷ್ಟು ಪಾಲು ಕುರ್ಚಿಗಳಷ್ಟೇ ತುಂಬಬಹುದು ಎಂಬ ಮಿತಿ ಇರುತ್ತದೆ.

ಮಿತಿ ಶೇ. 25 ಅಂದುಕೊಳ್ಳಿ. ಗಂಟೆಗೆ 2,400 ಜನರನ್ನು ಹತ್ತಿಸುವ ಲಿಫ್ಟ್ ಇಳಿಸುವುದು 600 ಜನರನ್ನು. ಅಂದರೆ ಅರ್ಧ ಗಂಟೆಗೆ 300. ಬೆಟ್ಟದಲ್ಲಿ ಬೇಸಿಗೆ ಮಧ್ಯಾಹ್ನ ಗುಡುಗು ಸಾಮಾನ್ಯ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿತು ಅಂದರೆ ಸಿಡಿಲು ಸುಮಾರು 10 ಕಿ.ಮೀ. ಒಳಗೆ ಬಂದಾಯಿತು. ಅಷ್ಟು ಹೊತ್ತಿಗೆ ಲೈನ್ ಮೇಲೆ ಒಬ್ಬರೂ ಇರಬಾರದು, ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೇ ಮತ್ತೆ ಓಡಿಸಬೇಕು. ಹಾಗಾಗಿ ನೆತ್ತಿಯಲ್ಲಿ ಏಕಕಾಲಕ್ಕೆ ಎಷ್ಟು ಜನ ಇರಬಹುದು ಅನ್ನುವುದನ್ನು ಟಿಕೆಟ್ ಕೌಂಟರ್ ತೀರ್ಮಾನಿಸುವಂತಿಲ್ಲ, ಇಳಿಸುವ ಲೆಕ್ಕವೇ ತೀರ್ಮಾನಿಸಬೇಕು. ಮೇಲೆ ಅರ್ಧ ಗಂಟೆಯಲ್ಲಿ ಇಳಿಸಬಹುದಾದ 300ಕ್ಕಿಂತ ಹೆಚ್ಚು ಜನ ಸೇರುವುದಾದರೆ ಅಷ್ಟೂ ಜನಕ್ಕೆ ಮಿಂಚುರಕ್ಷೆ ಇರುವ ಸೂರು ಕಟ್ಟಿ.

ಇನ್ನೊಂದು ಸಣ್ಣ ವಿಷಯ, ಆದರೆ ಬಾಗಿಲು ತೆರೆದ ಮೊದಲ ದಿನವೇ ಕಾಡುತ್ತದೆ. ಹತ್ತುವ ಇಳಿಯುವ ಜಾಗಗಳ ಎತ್ತರವನ್ನು ಅಷ್ಟು ಹಿಮ ಬಿದ್ದಿರುತ್ತದೆ ಎಂಬ ಲೆಕ್ಕದಲ್ಲಿ ಇಟ್ಟಿರುತ್ತಾರೆ. ಹಿಮ ಹೋದರೆ ಸೀಟು ಎದೆಮಟ್ಟಕ್ಕೆ ಬರುತ್ತದೆ. ಸೀಟು ನೆಲದಿಂದ 45–50 ಸೆಂ.ಮೀ. ಇರುವಂತೆ ಬಿಚ್ಚಿ ಜೋಡಿಸಬಹುದಾದ ಮರದ ಡೆಕ್ ಹಾಕಿಸಿ, ಮೇಲೆ ಜಾರದ ಮ್ಯಾಟ್ ಬಡಿಯಿರಿ. ನಿಮ್ಮದು ಡಿಟ್ಯಾಚಬಲ್ ಆದ್ದರಿಂದ ಸ್ಟೇಷನ್ನಿನಲ್ಲಿ ಕುರ್ಚಿ ನಿಧಾನವಾಗುತ್ತದೆ, ನಡೆದು ಬರುವವರಿಗೆ ತೊಂದರೆಯಿಲ್ಲ. ಹಗ್ಗಕ್ಕೆ ಕಚ್ಚಿಕೊಂಡೇ ಇರುವ ಫಿಕ್ಸ್ಡ್ ಗ್ರಿಪ್ ಆಗಿದ್ದರೆ ವೇಗವನ್ನು ಸೆಕೆಂಡಿಗೆ ಸುಮಾರು 1.5 ಮೀಟರ್‌ಗೆ ಇಳಿಸಬೇಕಿತ್ತು, ಸಾಮರ್ಥ್ಯ ಅಲ್ಲೇ ಕುಸಿಯುತ್ತಿತ್ತು.

ರಿಪೇರಿ ದಿನಗಳನ್ನು ಮಾರಿಕೊಳ್ಳಬೇಡಿ. ಹಗ್ಗದ ಮ್ಯಾಗ್ನೆಟಿಕ್ ಪರೀಕ್ಷೆ, ಕುರ್ಚಿಯನ್ನು ಹಗ್ಗಕ್ಕೆ ಹಿಡಿಸುವ ಗ್ರಿಪ್ ಬಿಚ್ಚಿ ಬಿರುಕು ನೋಡುವುದು, ಗೇರ್‌ಬಾಕ್ಸ್ ಎಣ್ಣೆ, ರಾಟೆಗಳ ರಬ್ಬರ್ ಲೈನರ್, ಇವೆಲ್ಲ ನಡೆಯುವುದು ನೀವು ಈಗ ಬೀಗ ಹಾಕುವ ತಿಂಗಳುಗಳಲ್ಲೇ. ಹಿಮ ಕರಗಿದ ಮೇಲೆ ನಾಲ್ಕೈದು ವಾರ, ಚಳಿಗಾಲಕ್ಕೆ ಮುಂಚೆ ನಾಲ್ಕೈದು ವಾರ ಕ್ಯಾಲೆಂಡರಿನಲ್ಲಿ ಮೊದಲೇ ಅಡ್ಡಗೆರೆ ಎಳೆದುಬಿಡಿ.

ಟ್ರೇಲ್ ಕಟ್ಟುವವರು

ಒಂದನ್ನೇ ಆರಿಸಬೇಕು ಅಂದರೆ ಬೈಕ್. ಜಿಪ್‌ಲೈನಿಗೆ ಬಂದವರು ಒಮ್ಮೆ ಹಾರಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಬೈಕಿನವರು ದಿನಕ್ಕೆ ಹತ್ತು ಸಲ ಲಿಫ್ಟ್ ಹತ್ತುತ್ತಾರೆ, ಮುಂದಿನ ವಾರ ಮತ್ತೆ ಬರುತ್ತಾರೆ. ಆದರೆ ಕೆನಡಾದ ವಿಸ್ಲರ್ ರೆಸಾರ್ಟ್ ನೋಡಿಕೊಂಡು ಪ್ಲಾನ್ ಮಾಡಬೇಡಿ. ಅಲ್ಲಿನ ಬೈಕ್ ಪಾರ್ಕ್ ಶುರುವಾದದ್ದು 1999ರಲ್ಲಿ, ಕ್ರ್ಯಾಂಕ್‌ವರ್ಕ್ಸ್ ಎಂಬ ಬೈಕ್ ಉತ್ಸವ ಬಂದದ್ದು 2004ರಲ್ಲಿ. ಈಗ ಕಾಣುವುದು ವರ್ಷಗಟ್ಟಲೆ ಮಣ್ಣು ಕೆಲಸದ ಫಲ.

ಮೊದಲ ಎರಡು ಟ್ರೇಲ್, ಅಂದರೆ ಬೈಕ್ ಇಳಿಯುವ ಮಣ್ಣಿನ ದಾರಿ, ಸುಲಭದವೇ ಆಗಿರಲಿ: ಒಂದು ಹಸಿರು (ತೀರಾ ಸುಲಭ), ಒಂದು ನೀಲಿ (ಮಧ್ಯಮ). ಸಲಹೆ ಕೊಡಲು ಬರುವವರು ರೇಸಿನವರು, ಅವರು ಕಪ್ಪು, ಅಂದರೆ ಕಷ್ಟದ, ಟ್ರೇಲ್ ಕೇಳುತ್ತಾರೆ. ಟಿಕೆಟ್ ಕೊಳ್ಳುವುದು, ಬೈಕ್ ಬಾಡಿಗೆ ಪಡೆಯುವುದು ಕಲಿಯುವವರು ಮತ್ತು ಅವರ ಮಕ್ಕಳು.

ಇಳಿಜಾರಿನ ಲೆಕ್ಕ: ಹಸಿರು ಟ್ರೇಲಿಗೆ ಸರಾಸರಿ ಶೇ. 6 ಇಳಿಜಾರು ಇಟ್ಟರೆ 300 ಮೀಟರ್ ಇಳಿಯಲು 5 ಕಿ.ಮೀ. ಉದ್ದ ಬೇಕು. ಯಾವ ಟ್ರೇಲಿನ ಸರಾಸರಿಯೂ ಶೇ. 10 ದಾಟದಿರಲಿ. ಟ್ರೇಲಿನ ಇಳಿಜಾರು ಆ ಜಾಗದ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ನೀರು ಪಕ್ಕಕ್ಕೆ ಇಳಿಯದೆ ಟ್ರೇಲನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಹೊರ ಅಂಚಿನ ಕಡೆಗೆ ಶೇ. 5 ವಾಲಿಸಿ, ನಡುನಡುವೆ ಸಣ್ಣದೊಂದು ಏರು ಕೊಡಿ, ನೀರು ಅಲ್ಲೇ ಹೊರಬೀಳುತ್ತದೆ.

ಬರ್ಮಿನ, ಅಂದರೆ ತಿರುವಿನಲ್ಲಿ ಎತ್ತರಿಸಿದ ಮಣ್ಣಿನ ದಂಡೆಯ, ಮುಂಚಿನ ಹತ್ತಡಿ ನೋಡಿ. ಪಾರ್ಕ್ ಮೊದಲು ಹಾಳಾಗುವುದು ಅಲ್ಲೇ. ವೇಗ ಹೆಚ್ಚಾಯಿತು ಅಂತ ಎಲ್ಲರೂ ಒಂದೇ ಜಾಗದಲ್ಲಿ ಬ್ರೇಕ್ ಹಿಡಿಯುತ್ತಾರೆ, ಚಕ್ರ ಮಣ್ಣನ್ನು ಅಲೆಅಲೆಯಾಗಿ ಎಬ್ಬಿಸುತ್ತದೆ. ಆ ಅಲೆ ತಪ್ಪಿಸಲು ಮುಂದಿನವರು ಅಂಚಿಗೆ ಸರಿಯುತ್ತಾರೆ, ಟ್ರೇಲ್ ಅಗಲವಾಗುತ್ತಾ ಹೋಗುತ್ತದೆ. ಅಲೆಗಳಿಗೆ ಮಣ್ಣು ತುಂಬಿದರೆ ಒಂದು ವಾರ ಬಾಳುತ್ತದೆ ಅಷ್ಟೆ. ತಿರುವಿಗೆ ಮುಂಚೆ ಒಂದು ಏರು ಕಟ್ಟಿ ವೇಗ ತಾನಾಗಿ ಇಳಿಯುವಂತೆ ಮಾಡಿ, ತಿರುವು ದೂರದಿಂದಲೇ ಕಾಣುವಂತೆ ಗಿಡ ಸವರಿ. ಬರ್ಮಿನ ಒಳಮೂಲೆಯಲ್ಲಿ ನೀರು ನಿಲ್ಲುತ್ತಿದ್ದರೆ ಅದಕ್ಕೂ ಚರಂಡಿ ಬರ್ಮಿಗಿಂತ ಮೇಲೆಯೇ ಬೇಕು.

ಸ್ಕೀ ಇಳಿಜಾರನ್ನು ದಾಟುವ ಕಡೆ ಬರ್ಮ್, ಜಂಪ್ ಯಾವುದೂ ಬೇಡ, ಟ್ರೇಲ್ ನೆಲಮಟ್ಟದಲ್ಲೇ ಇರಲಿ. ಹಿಮ ತೆಳುವಾದ ವರ್ಷ ಹಿಮ ಸಮತಟ್ಟು ಮಾಡುವ ಗ್ರೂಮರ್ ಯಂತ್ರದ ಹಲ್ಲು ಆ ಮಣ್ಣಿಗೆ ಬಡಿಯುತ್ತದೆ.

ಲಿಫ್ಟಿನಲ್ಲಿ ಒಂದು ಕುರ್ಚಿ ಬೈಕಿಗೆ, ಮುಂದಿನದು ಜನಕ್ಕೆ. ಏರಿಸುವ ಸಾಮರ್ಥ್ಯ ಅರ್ಧ ಅಂತಲೇ ಲೆಕ್ಕ ಹಾಕಿ. ಇ-ಬೈಕ್ 20 ಕೆ.ಜಿ. ಮೀರುತ್ತದೆ, ದಿನವಿಡೀ ಎತ್ತಿ ಕೊಕ್ಕೆಗೆ ಹಾಕುವ ಹುಡುಗರ ಬೆನ್ನು ಹೋಗುತ್ತದೆ. ಚಕ್ರ ಉರುಳಿಸಿ ನಿಲ್ಲಿಸುವ ತಗ್ಗಿನ ಟ್ರೇ ಕೊಳ್ಳಿ. ಗಾಯಗಳೂ ಬೇರೆ: ಸ್ಕೀಯಲ್ಲಿ ಮಂಡಿ ಹೆಚ್ಚು, ಇಲ್ಲಿ ಮಣಿಕಟ್ಟು, ಕಾಲರ್ ಬೋನ್, ತಲೆ. ಚಕ್ರವಿರುವ ಸ್ಟ್ರೆಚರ್ ಬೇಕು. ಟ್ರೇಲ್ ಉದ್ದಕ್ಕೂ 100 ಮೀಟರಿಗೊಂದು ನಂಬರ್ ಕಂಬ ನೆಡಿ, ಫೋನ್ ಮಾಡಿದವರು ಜಾಗ ಹೇಳಬೇಕಲ್ಲ.

ಪ್ರಶ್ನೆ ಕೇಳಿದವರು

ಟಿ-ಬಾರ್‌ಗಳಿಂದ ಬೇಸಿಗೆಯಲ್ಲಿ ಏನಾದರೂ ಉಪಯೋಗ ಇದೆಯೇ?

ಲಿಫ್ಟ್ ವಿಭಾಗದವರು

ಬೈಕ್ ಎಳೆಸುವ ವಿಶೇಷ ಕೊಕ್ಕೆಗಳು ಸಿಗುತ್ತವೆ. ಆದರೆ ಎಳೆಯುವ ದಾರಿ ಗಟ್ಟಿ, ನಯ ಇರಬೇಕು, ಕಲಿಯುವವರು ಬೀಳುತ್ತಾರೆ. ಸದ್ಯ ಬಿಡಿ.

ಇನ್ನೊಬ್ಬರು

ಬೈಕ್ ಮೊದಲು ಅನ್ನುವುದನ್ನು ನಾನು ಒಪ್ಪಲಾರೆ. ಬೇಸಿಗೆ ಬೆಟ್ಟಕ್ಕೆ ಬರುವವರಲ್ಲಿ ಹೆಚ್ಚಿನವರು ಕ್ರೀಡಾಳುಗಳಲ್ಲ. ಅಜ್ಜಿ, ತಾತ, ತಳ್ಳುಗಾಡಿಯಲ್ಲಿ ಮಗು, ಇವರು ಮೇಲೆ ಹೋಗಿ ನೋಡಿ, ತಿಂದು, ಇಳಿಯುತ್ತಾರೆ. ಅವರಿಗೆ ಬೇಕಾದ್ದು ಮೇಲಿನ ಸ್ಟೇಷನ್ನಿನಿಂದ ಹೊರಟು ಅಲ್ಲಿಗೇ ವಾಪಸ್ ಬರುವ 1.5–2 ಕಿ.ಮೀ. ಸುತ್ತುದಾರಿ, ಇಳಿಜಾರು ಶೇ. 5ರೊಳಗೆ, 200–300 ಮೀಟರಿಗೊಂದು ಬೆಂಚು. ಬೈಕ್ ಟ್ರೇಲಿನ ಎದುರು ಇದರ ಖರ್ಚು ಏನೇನೂ ಅಲ್ಲ. ಬೈಕಿನ ದಾರಿಯೂ ನಡೆಯುವ ದಾರಿಯೂ ಎಲ್ಲೂ ಒಂದಾಗಬಾರದು. ಸ್ಟೇಷನ್ನಿನ ಬಾಗಿಲಲ್ಲೇ ಎರಡನ್ನೂ ಬೇಲಿ ಹಾಕಿ ಬೇರೆ ಮಾಡಿ. ನಿಜವಾದ ಖರ್ಚಿರುವುದು ಮೇಲಿನ ಶೌಚಾಲಯದಲ್ಲಿ. ನೀರಿನ ಪೈಪು ಚಳಿಗಾಲಕ್ಕೆ ಪೂರ್ತಿ ಬಸಿದುಹೋಗುವಂತೆ ಇರಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತದೆ.

ತೂಗುಸೇತುವೆ, ಗಾಜಿನ ಕಟ್ಟೆಯ ಆಸೆ ಸದ್ಯಕ್ಕೆ ಬೇಡ. ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ಬೆಟ್ಟದಲ್ಲಿ ಸಮುದ್ರಮಟ್ಟದಿಂದ 3,041 ಮೀಟರ್ ಎತ್ತರದಲ್ಲಿ 100 ಮೀಟರ್ ಉದ್ದದ ತೂಗುಸೇತುವೆ 2012ರಲ್ಲಿ ತೆರೆಯಿತು ನಿಜ. ಆದರೆ ಅಲ್ಲಿಗೆ ಕೇಬಲ್ ಕಾರಿನಲ್ಲಿ ಪ್ರವಾಸಿಗರು ಅದಕ್ಕೂ ಮೊದಲೇ ಬರುತ್ತಿದ್ದರು.

ಸುರಕ್ಷತಾ ತಪಾಸಣೆಯವರು

ಕೋಸ್ಟರ್: ಎರಡು ಬಗೆ. ತೊಟ್ಟಿಯಂಥ ಹಾದಿಯಲ್ಲಿ ಜಾರುವ ಸ್ಲೈಡ್ ಮಳೆ ಬಂದರೆ ನಿಲ್ಲಿಸಲೇಬೇಕು, ಒದ್ದೆ ಮೇಲ್ಮೈಯಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಹಳಿಯ ಮೇಲೆ ಓಡುವ ಕೋಸ್ಟರ್ ಚಳಿಗಾಲದಲ್ಲೂ ಓಡುತ್ತದೆ, ವೇಗ ಸಾಮಾನ್ಯವಾಗಿ ಗಂಟೆಗೆ 40 ಕಿ.ಮೀ. ಆಸುಪಾಸು. ದುಬಾರಿ. ಒಂದು ಬಂಡಿಗೂ ಇನ್ನೊಂದಕ್ಕೂ 25 ಮೀಟರ್ ಅಂತರ ಇಡಬೇಕು, ಮುಂದಿನವರು ಹೆದರಿ ನಿಂತರೆ ಹಿಂದಿನವರು ಗುದ್ದುತ್ತಾರೆ. ವರ್ಷಪೂರ್ತಿ ಓಡಿಸುವ ಜನಸಂದಣಿ ಇದ್ದರೆ ಮಾತ್ರ ಯೋಚಿಸಿ.

ಜಿಪ್‌ಲೈನಿನ ತಲೆನೋವು ತೂಕ. ಹಗುರ ಮಕ್ಕಳು ಎದುರುಗಾಳಿಗೆ ನಡುವೆಯೇ ನಿಂತುಬಿಡುತ್ತಾರೆ, ಭಾರದವರು ಕೊನೆಯ ಬ್ರೇಕಿಗೆ ಜೋರಾಗಿ ಬಂದು ಬಡಿಯುತ್ತಾರೆ. ತೂಕದ ಮಿತಿ ಎರಡೂ ಕಡೆ ಇರಲಿ, ಹತ್ತುವ ಮುಂಚೆ ತೂಗಿ, ಬ್ರೇಕ್ ಎರಡು ಇರಲಿ. ನಡುವೆ ನಿಂತವರನ್ನು ಎಳೆದು ತರುವ ಅಭ್ಯಾಸ ವಾರಕ್ಕೊಮ್ಮೆ ನಡೆಯಲಿ.

ಕೊಳದ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ಈಜು, ದೋಣಿ ಅಂತ ಖಂಡಿತ ಮಾಡಬೇಡಿ. ಒಳಗೆ ಹಾಸಿದ ಪ್ಲಾಸ್ಟಿಕ್ ಪದರ ಒದ್ದೆಯಾದರೆ ಪಾಚಿ ಕಟ್ಟಿದ ಮೆಟ್ಟಿಲಿನ ಹಾಗೆ, ದೊಡ್ಡವರೂ ಹತ್ತಿ ಬರಲಾರರು. ಸುತ್ತ ಬೇಲಿ, ದಂಡೆಗೆ ನೇತುಬಿಟ್ಟ ಬಲೆ ಏಣಿ ಇರಲೇಬೇಕು. ನೀರಾಟ ಬೇಕಿದ್ದರೆ ಸೊಂಟಮಟ್ಟದ ಬೇರೆ ಕೊಳ ತೋಡಿಸಿ.

ಲೆಕ್ಕಪತ್ರದವರು

ನೆಲ ಯಾರದ್ದು ಅಂತ ಮೊದಲು ಓದಿ. ಅಮೆರಿಕದಲ್ಲಿ ರಾಷ್ಟ್ರೀಯ ಅರಣ್ಯದ ಸ್ಕೀ ಜಾಗಗಳಿಗೆ 2011ರ ಕಾನೂನು ಜಿಪ್‌ಲೈನ್, ಬೈಕ್ ಟ್ರೇಲ್, ಡಿಸ್ಕ್ ಗಾಲ್ಫ್‌ಗೆ (ತಟ್ಟೆ ಎಸೆದು ಬುಟ್ಟಿಗೆ ಬೀಳಿಸುವ ಆಟ) ದಾರಿ ಮಾಡಿತು. ಟೆನಿಸ್ ಕೋರ್ಟ್, ಈಜುಕೊಳ, ಗಾಲ್ಫ್ ಮೈದಾನ, ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಇಲ್ಲ ಅಂದಿತು. ನಿಮ್ಮ ಗುತ್ತಿಗೆ ಪತ್ರದಲ್ಲೂ ಇಂಥ ಸಾಲುಗಳಿರಬಹುದು. ಡಿಸ್ಕ್ ಗಾಲ್ಫ್ ಅಂದ ಮೇಲೆ, ಒಂಬತ್ತು ಬುಟ್ಟಿ, ಒಂದಷ್ಟು ಕಂಬ, ಅಷ್ಟರಲ್ಲೇ ಮುಗಿಯುತ್ತದೆ. ಎಸೆಯುವ ದಿಕ್ಕಿಗೆ ನಡೆಯುವ ದಾರಿ ಬರದಂತೆ ನೋಡಿಕೊಂಡರೆ ಸಾಕು.

ಟಿಕೆಟ್ಟನ್ನು ಕೋಣೆಯ ಜೊತೆ ಕಟ್ಟಿ. ಸ್ವಿಟ್ಜರ್ಲೆಂಡಿನ ಸಾಸ್ ಕಣಿವೆಯಲ್ಲಿ ಬೇಸಿಗೆಯಲ್ಲಿ ತಂಗಿದವರಿಗೆ ಹೆಚ್ಚಿನ ಕೇಬಲ್ ಕಾರುಗಳ ಪ್ರಯಾಣ ಸೇರಿದ ಕಾರ್ಡ್ ಕೊಡುತ್ತಾರೆ. ಲಿಫ್ಟ್ ಒಂದರಿಂದಲೇ ಲಾಭ ನಿರೀಕ್ಷಿಸುವ ಲೆಕ್ಕ ಬೇಸಿಗೆಯಲ್ಲಿ ಕೂಡುವುದಿಲ್ಲ. ದುಡ್ಡು ಬರುವುದು ರಾತ್ರಿ ತಂಗಿದವರಿಂದ, ಬಾಡಿಗೆ ಬೈಕಿನಿಂದ, ಊಟದಿಂದ.

ಮೊದಲ ವರ್ಷ ವಾರಕ್ಕೆ ನಾಲ್ಕು ದಿನ, ಗುರುವಾರದಿಂದ ಭಾನುವಾರ, ಲಿಫ್ಟ್ ಮತ್ತು ಸುತ್ತುದಾರಿ ಮಾತ್ರ ತೆರೆಯಿರಿ. ಅದೇ ಬೇಸಿಗೆ ಹಸಿರು ಟ್ರೇಲ್ ಕಡಿಸಿ, ಒಂದು ಚಳಿಗಾಲ ಮಣ್ಣು ಕೂರಲು ಬಿಡಿ, ಎರಡನೇ ಬೇಸಿಗೆ ಬೈಕ್ ಬಿಡಿ. ಹಿಮ ಯಂತ್ರ ನಡೆಸುವ ಮೆಕ್ಯಾನಿಕ್‌ಗಳನ್ನೇ ವರ್ಷಪೂರ್ತಿ ಕರಾರಿಗೆ ತೆಗೆದುಕೊಳ್ಳಿ, ಟ್ರೇಲ್ ಅಗೆಯುವ ಮಿನಿ ಎಕ್ಸ್‌ಕವೇಟರ್ ಅವರಿಗೆ ಓಡಿಸಲು ಬರುತ್ತದೆ.