ತನ್ನದೇ ಕೋಡನ್ನು ಗುರುತು ಹಿಡಿಯುವ ಪ್ರೋಗ್ರಾಂ: ಬರೆದವರು ಅನುಭವ ಹೇಳ್ತೀರಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಕೋಡಿಂಗ್ ಕ್ಲಬ್ಬಿನಲ್ಲಿ ಒಂದು ಸವಾಲು ಕೊಟ್ಟಿದ್ದಾರೆ. ಪ್ರೋಗ್ರಾಂ ಒಂದು ಪಠ್ಯವನ್ನು ಓದಿಕೊಳ್ಳಬೇಕು. ಆ ಪಠ್ಯ ಪ್ರೋಗ್ರಾಮಿನದೇ ಸೋರ್ಸ್ ಕೋಡ್ ಆಗಿದ್ದರೆ ‘ಹೌದು’ ಅನ್ನಬೇಕು, ಬೇರೆ ಏನೇ ಆಗಿದ್ದರೂ ‘ಇಲ್ಲ’ ಅನ್ನಬೇಕು. ತನ್ನ ಫೈಲನ್ನು ತಾನೇ ತೆರೆದು ನೋಡುವಂತಿಲ್ಲ.

ನಾನು ಇಡೀ ಕೋಡನ್ನು ಒಂದು ಸ್ಟ್ರಿಂಗಿನಲ್ಲಿ (ಕೊಟೇಶನ್ ಒಳಗಿನ ಅಕ್ಷರಗಳ ಸಾಲು) ಹಾಕಿ ಹೋಲಿಸಲು ಹೋದೆ. ಆದರೆ ಆ ಸ್ಟ್ರಿಂಗ್ ಕೂಡ ಕೋಡಿನ ಭಾಗ ಅಲ್ವಾ? ಅದರೊಳಗೆ ಅದೇ ಸ್ಟ್ರಿಂಗ್ ಮತ್ತೆ ಬರಬೇಕು, ಅದರೊಳಗೆ ಮತ್ತೆ. ಕೊನೆಯೇ ಇಲ್ಲ. ಎರಡು ದಿನದಿಂದ ಇಲ್ಲೇ ನಿಂತಿದ್ದೇನೆ. ಇದನ್ನು ಬರೆದು ನೋಡಿದವರು ಯಾರಾದರೂ ಇದ್ದರೆ ದಾರಿ ತೋರಿಸಿ.

ಉತ್ತರ: ಕಾಲೇಜಿನಲ್ಲಿ ಪಾಠ ಮಾಡುವವರಿಂದ

ನೀವು ನಿಂತಿರುವ ಜಾಗ ಸರಿಯಾದ ಜಾಗವೇ. ಇದನ್ನು ಬರೆದವರೆಲ್ಲ ಮೊದಲು ಅಲ್ಲೇ ನಿಂತವರು. ಕಂಪ್ಯೂಟರ್ ಸ್ವಲ್ಪ ಹೊತ್ತು ಮುಚ್ಚಿಡಿ, ಒಂದು ಹಾಳೆ ತೆಗೆದುಕೊಳ್ಳಿ. ನಾನು ತರಗತಿಯಲ್ಲಿ ಇದನ್ನು ಶುರು ಮಾಡುವುದೇ ಒಂದು ಕನ್ನಡ ವಾಕ್ಯದಿಂದ:

ಮುಂದಿನ ಮಾತನ್ನು ಎರಡು ಸಲ ಬರೆಯಿರಿ, ಎರಡನೇ ಸಲ ಕೊಟೇಶನ್ ಒಳಗೆ: “ಮುಂದಿನ ಮಾತನ್ನು ಎರಡು ಸಲ ಬರೆಯಿರಿ, ಎರಡನೇ ಸಲ ಕೊಟೇಶನ್ ಒಳಗೆ:”

ಅದು ಹೇಳಿದ ಹಾಗೆ ಸುಮ್ನೆ ಮಾಡಿ ನೋಡಿ. ಹಾಳೆಯ ಮೇಲೆ ಏನು ಬರುತ್ತದೆ? ಅದೇ ವಾಕ್ಯ, ಅಕ್ಷರ ಅಕ್ಷರವೂ ಅದೇ. ಒಳಗೆ ಕೊನೆಯಿಲ್ಲದ ಪೆಟ್ಟಿಗೆಗಳಿಲ್ಲ. ಇರುವುದು ಒಂದೇ ಮಾತು, ಅದನ್ನು ಎರಡು ರೀತಿ ಬಳಸಿದ್ದೇವೆ. ಒಂದು ಸಲ ಅದು ಆಜ್ಞೆ, ಇನ್ನೊಂದು ಸಲ ಸುಮ್ಮನೆ ಅಕ್ಷರಗಳ ಸಾಲು. ನೀವು ಎಡವಿದ್ದು ಇಲ್ಲೇ. ನೀವು ಇಡೀ ಕೋಡನ್ನು ಸ್ಟ್ರಿಂಗಿನಲ್ಲಿ ಇಡಲು ನೋಡಿದಿರಿ. ಇಡಬೇಕಾದ್ದು ಇಡೀ ಕೋಡಲ್ಲ. ಕೋಡಿನ ಅಚ್ಚನ್ನು ಮಾತ್ರ ಇಡಬೇಕು. ಆ ಅಚ್ಚಿನಲ್ಲಿ ಒಂದು ಜಾಗ ಖಾಲಿ ಬಿಡಬೇಕು. ಓಡುವಾಗ ಅದೇ ಅಚ್ಚನ್ನು ಆ ಖಾಲಿ ಜಾಗಕ್ಕೆ ತುಂಬಬೇಕು.

ಕೋಡಿನ ರೂಪದಲ್ಲಿ ಹೀಗೆ:

ಅಚ್ಚು = 'ಅಚ್ಚು = □; ಬರೆ(ಓದಿದ್ದು == ತುಂಬು(ಅಚ್ಚು))'; ಬರೆ(ಓದಿದ್ದು == ತುಂಬು(ಅಚ್ಚು))

ಇಲ್ಲಿ ‘ತುಂಬು’ ಮಾಡುವ ಕೆಲಸ ಒಂದೇ. ಅಚ್ಚಿನೊಳಗಿನ □ ಜಾಗಕ್ಕೆ ಅಚ್ಚನ್ನೇ ಕೊಟೇಶನ್ ಸಮೇತ ಹಾಕುತ್ತದೆ. ಬೆರಳಿಟ್ಟು ಓದಿ. ತುಂಬಿದ ಮೇಲೆ ಸಿಗುವುದು ಮೇಲಿನ ಇಡೀ ಸಾಲು. ಅದನ್ನು ಓದಿಕೊಂಡ ಪಠ್ಯದ ಜೊತೆ ಹೋಲಿಸಿದರೆ ಮುಗಿಯಿತು.

ಪೈಥಾನ್‌ನಲ್ಲಿ □ ಬದಲು ಪರ್ಸೆಂಟ್ ಚಿಹ್ನೆ, ಅದರ ಪಕ್ಕ ಸಣ್ಣ ‘ಆರ್’ ಹಾಕಿ. ಕೊಟೇಶನ್ ಹಾಕುವ ಕೆಲಸವನ್ನೂ ಅದೇ ಮಾಡುತ್ತದೆ. ತುಂಬಲು ಬಳಸುವ ಪರ್ಸೆಂಟ್ ಚಿಹ್ನೆ ಅಚ್ಚಿನೊಳಗೂ ಬರುತ್ತದಲ್ಲ, ಅಲ್ಲಿ ಮಾತ್ರ ಅದನ್ನು ಎರಡು ಸಲ ಬರೆಯಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಜಾಸ್ತಿ ಜನ ಮೊದಲು ಸಿಕ್ಕಿಹಾಕಿಕೊಳ್ಳುವುದು ಇದರಲ್ಲೇ.

ತನ್ನ ಕೋಡನ್ನು ತಾನೇ ಬರೆದು ತೋರಿಸುವ ಪ್ರೋಗ್ರಾಮಿಗೆ ಕ್ವೈನ್ ಎಂದು ಹೆಸರು. ವಾಕ್ಯಗಳು ತಮ್ಮ ಬಗ್ಗೆ ತಾವೇ ಮಾತಾಡುವುದನ್ನು ಯೋಚಿಸಿದ ತತ್ವಜ್ಞಾನಿ ವಿಲ್ಲರ್ಡ್ ಕ್ವೈನ್ ಅವರ ಗೌರವಕ್ಕೆ ಡಗ್ಲಸ್ ಹಾಫ್‌ಸ್ಟಾಟರ್ 1979ರಲ್ಲಿ ಈ ಮಾತನ್ನು ಬಳಕೆಗೆ ತಂದರು. ನಿಮ್ಮದು ಕ್ವೈನ್‌ನ ತಮ್ಮ ಅನ್ನಬಹುದು. ಅಣ್ಣ ಬರೆದು ತೋರಿಸುತ್ತಾನೆ, ತಮ್ಮ ಮನಸ್ಸಿನಲ್ಲೇ ಬರೆದುಕೊಂಡು ಹೋಲಿಸುತ್ತಾನೆ. ಇದು ಆಗಿಯೇ ಆಗುತ್ತದೆ ಎಂಬುದಕ್ಕೆ ಗಣಿತದ ಆಧಾರವೂ ಇದೆ. 1938ರಲ್ಲಿ ಸ್ಟೀಫನ್ ಕ್ಲೀನಿ ಸಾಧಿಸಿದ ರಿಕರ್ಷನ್ ಪ್ರಮೇಯವನ್ನು ಪ್ರೋಗ್ರಾಮಿನ ಭಾಷೆಯಲ್ಲಿ ಹೇಳುವುದಾದರೆ, ಯಾವ ಕೆಲಸ ಮಾಡುವ ಪ್ರೋಗ್ರಾಮನ್ನಾದರೂ ತನ್ನ ಕೋಡ್ ತನ್ನ ಕೈಯಲ್ಲಿದೆ ಎಂದುಕೊಂಡೇ ಬರೆಯಬಹುದು. ಅಂದರೆ ನಿಮ್ಮ ಸವಾಲು ಪೈಥಾನ್‌ನ ಯಾವುದೋ ಒಳದಾರಿಯನ್ನು ನಂಬಿಕೊಂಡಿಲ್ಲ. ಸಿ, ಜಾವಾ, ಹ್ಯಾಸ್ಕೆಲ್, ಯಾವುದರಲ್ಲೂ ಬರೆಯಬಹುದು. ನನಗೆ ಈ ವಿಷಯ ಇಷ್ಟು ಇಷ್ಟವಾಗುವುದು ಅದಕ್ಕೇ.

ಉತ್ತರ: ಸಿ ಭಾಷೆಯಲ್ಲಿ ಬರೆದವರಿಂದ

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಸಿ ಭಾಷೆಯಲ್ಲಿ ಕೊಟೇಶನ್ ತಾನಾಗಿ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಅಚ್ಚಿನಲ್ಲಿ ಕೊಟೇಶನ್ ಚಿಹ್ನೆ ಬರೆಯಲು ಹೋದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಬೇಕು, ಆಮೇಲೆ ಆ ಬ್ಯಾಕ್‌ಸ್ಲ್ಯಾಶನ್ನೂ ಬರೆಯಬೇಕು. ಹಳಬರು ಕಂಡುಕೊಂಡ ದಾರಿ ಸುಲಭ. ಚಿಹ್ನೆಯನ್ನು ಬರೆಯಲೇಬೇಡಿ, ಅದರ ಆಸ್ಕಿ ಸಂಖ್ಯೆ (ಕಂಪ್ಯೂಟರಿನಲ್ಲಿ ಆ ಚಿಹ್ನೆಗಿರುವ ಅಂಕೆ) ಕೊಡಿ. ಜೋಡಿ ಕೊಟೇಶನ್‌ಗೆ 34, ಹೊಸ ಸಾಲಿಗೆ 10.

ನಾನು ಸೋತದ್ದು ಬೇರೆ ಕಡೆ. ಹೋಲಿಸುವುದೆಲ್ಲ ಸರಿ ಇತ್ತು, ನನ್ನ ಕೋಡ್ ಕೊಟ್ಟರೆ ‘ಹೌದು’ ಅಂತಿತ್ತು. ಸ್ಪರ್ಧೆಗೆ ಕಳಿಸಿದೆ, ತಪ್ಪು ಎಂದು ವಾಪಸ್ ಬಂತು. ಅರ್ಧ ರಾತ್ರಿ ಕೂತು ನೋಡಿದ ಮೇಲೆ ತಿಳಿಯಿತು. ನನ್ನ ಕೋಡ್ ಒಂದೇ ಸಾಲಿನದು, ಹಾಗಾಗಿ ನಾನು ಓದುತ್ತಿದ್ದದ್ದೂ ಒಂದೇ ಸಾಲು. ನನ್ನ ಕೋಡಿನ ಕೆಳಗೆ ಇನ್ನೊಂದು ಸಾಲು ಸೇರಿಸಿ ಕೊಟ್ಟರೂ ಅದು ‘ಹೌದು’ ಎನ್ನುತ್ತಿತ್ತು.

ತನ್ನನ್ನು ಗುರುತಿಸುವುದು ಅರ್ಧ ಕೆಲಸ. ಬೇರೆ ಎಲ್ಲವನ್ನೂ ಬೇಡ ಅನ್ನುವುದು ಉಳಿದರ್ಧ. ಆವತ್ತಿನಿಂದ ನಾನು ಇಷ್ಟನ್ನು ಕೊಟ್ಟು ನೋಡದೆ ಬಿಡುವುದಿಲ್ಲ: ಖಾಲಿ ಇನ್‌ಪುಟ್, ಕೊನೆಯ ಒಂದು ಅಕ್ಷರ ಕಡಿಮೆ ಇರುವ ಕೋಡ್, ಕೊನೆಗೆ ಒಂದು ಅಕ್ಷರ ಜಾಸ್ತಿ ಇರುವ ಕೋಡ್, ನಡುವೆ ಒಂದು ಅಕ್ಷರ ಬದಲಾದ ಕೋಡ್, ಒಂದರ ಹಿಂದೆ ಒಂದು ಎರಡು ಸಲ ಅಂಟಿಸಿದ ಕೋಡ್. ನಡುವಿನ ಅಕ್ಷರವನ್ನು ಸ್ಟ್ರಿಂಗಿನೊಳಗೂ ಒಮ್ಮೆ ಬದಲಿಸಿ ನೋಡಿ, ಹೊರಗೂ ಒಮ್ಮೆ ಬದಲಿಸಿ ನೋಡಿ.

ಕೇಳಿದವರು

ತುಂಬಾ ಥ್ಯಾಂಕ್ಸ್. ಆ ಕನ್ನಡ ವಾಕ್ಯವನ್ನು ಹಾಳೆಯಲ್ಲಿ ಬರೆದಾಗ ತಟ್ಟನೆ ಹೊಳೆಯಿತು. ಪೈಥಾನ್‌ನಲ್ಲಿ ಬರೆದೂ ಆಯಿತು. ಆದರೆ ಫೈಲನ್ನೇ ಇನ್‌ಪುಟ್ ಆಗಿ ಕೊಟ್ಟರೆ ‘ಇಲ್ಲ’ ಅನ್ನುತ್ತಿದೆ. ಕಟ್ಟಿದ್ದನ್ನೂ ಓದಿದ್ದನ್ನೂ ಪರದೆ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ! ನಾನು ‘ಹೌದು’ ಬದಲು ಸ್ವಲ್ಪ ಉದ್ದದ ಕನ್ನಡ ಸಂದೇಶ ಹಾಕಿದ್ದೇನೆ: ‘ಹೌದು, ಇದು ಇದೇ ಸಾಫ್ಟ್‌ವೇರ್‌ನ ಕೋಡ್’. ಅದರಿಂದ ತೊಂದರೆ ಆಗುತ್ತದಾ?

ಉತ್ತರ: ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರಿಂದ

ಆಗುತ್ತದೆ, ಅದೂ ಎರಡು ಕಡೆ. ನಾನು ಇದೇ ಗುಂಡಿಯಲ್ಲಿ ಬಿದ್ದು ಎದ್ದಿದ್ದೇನೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಸಂದೇಶ. ‘ಸಾಫ್ಟ್‌ವೇರ್‌ನ’ ಎಂದು ಬರೆದಾಗ ‘ಟ್’ ಕೆಳಗೆ ‘ವ’ ಒತ್ತಾಗಿ ಕೂರಲಿಲ್ಲ, ‘ರ್’ ಜೊತೆ ‘ನ’ ಸೇರಿ ಅರ್ಕಾವೊತ್ತು ಬರಲಿಲ್ಲ. ಯಾಕೆ? ಆ ಎರಡೂ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಝೀರೋ ವಿಡ್ತ್ ನಾನ್ ಜಾಯ್ನರ್. ಅದಕ್ಕೆ ಅಗಲ ಇಲ್ಲ, ಒತ್ತಾಗುವುದನ್ನು ತಡೆಯುವುದಷ್ಟೇ ಅದರ ಕೆಲಸ. ಪೈಥಾನ್ ಒಂದು ಸ್ಟ್ರಿಂಗನ್ನು ಕೊಟೇಶನ್ ಸಮೇತ ಬರೆಯುವಾಗ ಇಂಥ ಕಾಣದ ಅಕ್ಷರವನ್ನು ಹಾಗೇ ಬರೆಯುವುದಿಲ್ಲ. ಬ್ಯಾಕ್‌ಸ್ಲ್ಯಾಶ್, ‘ಯು’, ಆಮೇಲೆ ನಾಲ್ಕು ಅಂಕಿ ಅಕ್ಷರ, ಹೀಗೆ 6 ಅಕ್ಷರಗಳ ಸಂಕೇತವಾಗಿ ಬರೆಯುತ್ತದೆ. ನಿಮ್ಮ ಫೈಲಿನಲ್ಲಿ ಒಂದೊಂದು ಜಾಗಕ್ಕೂ ಒಂದೇ ಅಕ್ಷರ, ಪ್ರೋಗ್ರಾಂ ಕಟ್ಟಿಕೊಂಡದ್ದರಲ್ಲಿ 6. ಎರಡು ಜಾಗ ಸೇರಿ 10 ಅಕ್ಷರ ವ್ಯತ್ಯಾಸ. ಎರಡೂ ಪಠ್ಯದ ಉದ್ದ ಎಣಿಸಿ ನೋಡಿ, ಗೊತ್ತಾಗುತ್ತದೆ.

ದಾರಿ ಎರಡಿವೆ. ಅಚ್ಚಿನ ಒಳಗೆ ಮಾತ್ರ ಆ ಅಕ್ಷರದ ಬದಲು ಸಂಕೇತ ಬರೆಯಿರಿ, ಹೊರಗೆ ನಿಜವಾದ ಅಕ್ಷರವನ್ನೇ ಬಿಡಿ. ಇಲ್ಲವೇ ಆ ಅಕ್ಷರ ಬೇಡದ ಸಂದೇಶ ಹಾಕಿ. ನಾನಾದರೆ ಮೊದಲನೆಯದನ್ನೇ ಮಾಡುತ್ತೇನೆ. ಸಂದೇಶ ಕನ್ನಡದಲ್ಲಿ ಚೆನ್ನಾಗಿ ಕಾಣಬೇಕು ಅಲ್ವಾ?

ಹಾಗೇ ಇನ್ನೊಂದು ಮಾತು. ‘ಕೋಡ್’ ಪದದ ‘ಕೋ’ ನೋಡಿ. ಯೂನಿಕೋಡ್‌ನಲ್ಲಿ ಅದರ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಪರದೆ ಮೇಲೆ ಎರಡೂ ‘ಕೋ’ ಒಂದೇ. ಆದರೆ ಅಕ್ಷರಗಳನ್ನು ಬೈಟ್ ರೂಪದಲ್ಲಿ ಇಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಹಾಗಾಗಿ ಒಂದು ಕಡೆ ಆ ಓತ್ವಕ್ಕೆ 3 ಬೈಟ್, ಇನ್ನೊಂದು ಕಡೆ 9. ಕಣ್ಣು ಒಂದೇ ಅನ್ನುತ್ತದೆ, ಹೋಲಿಕೆ ಬೇರೆ ಅನ್ನುತ್ತದೆ. ಸಂದೇಶವನ್ನು ಬೇರೆ ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದ್ದರೆ ಇದನ್ನೂ ಪರೀಕ್ಷಿಸಿ.

ಎರಡನೆಯದು, ಫೈಲಿನ ಕೊನೆ. ತುಂಬಾ ಎಡಿಟರ್‌ಗಳು ಸೇವ್ ಮಾಡುವಾಗ ಕೊನೆಗೆ ಒಂದು ಹೊಸ ಸಾಲಿನ ಗುರುತು ತಾವಾಗಿ ಸೇರಿಸುತ್ತವೆ. ನಿಮ್ಮ ಅಚ್ಚಿನಲ್ಲಿ ಅದು ಇರುವುದಿಲ್ಲ. ಅದರ ಜೊತೆ ಜಗಳ ಬೇಡ. ಅಚ್ಚಿನ ಕೊನೆಗೂ ಒಂದು ಹೊಸ ಸಾಲಿನ ಸಂಕೇತ ಸೇರಿಸಿಬಿಡಿ.

ಕೊನೆಯದಾಗಿ ನನ್ನ ಅಭ್ಯಾಸ ಹೇಳುತ್ತೇನೆ, ಇದು ತುಂಬಾ ಸಮಯ ಉಳಿಸುತ್ತದೆ. ಇಡೀ ಕೋಡನ್ನು ಕೈಯಲ್ಲಿ ಬರೆಯಲೇಬೇಡಿ. ಅಚ್ಚನ್ನು ಮಾತ್ರ ಬರೆಯಿರಿ. ಅದನ್ನು ತುಂಬಿ ಫೈಲಿಗೆ ಬರೆಯುವ ಮೂರು ಸಾಲಿನ ಇನ್ನೊಂದು ಪ್ರೋಗ್ರಾಂ ಇಟ್ಟುಕೊಳ್ಳಿ. ಆಗ ಕಾಣದ ಅಕ್ಷರ, ಒಂಟಿ ಕೊಟೇಶನ್ ಬೇಕಾ ಜೋಡಿ ಬೇಕಾ ಎಂಬ ಗೊಂದಲ, ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಹೋಲಿಸುವುದನ್ನೂ ಅಕ್ಷರವಾಗಿ ಮಾಡಬೇಡಿ, ಬೈಟ್‌ಗಳಾಗಿ ಮಾಡಿ. ಪೈಥಾನ್ ಪಠ್ಯವಾಗಿ ಓದಿದರೆ ವಿಂಡೋಸ್ ಮಾದರಿಯ ಸಾಲಿನ ಕೊನೆಯನ್ನು ತಾನೇ ಸದ್ದಿಲ್ಲದೆ ಬದಲಿಸಿಕೊಳ್ಳುತ್ತದೆ. ಆಗ ನಿಮ್ಮದಲ್ಲದ ಫೈಲಿಗೂ ‘ಹೌದು’ ಬರುತ್ತದೆ.

ಇನ್ನೊಬ್ಬರು ಕೇಳಿದ್ದು

ಇಷ್ಟೆಲ್ಲ ಯಾಕೆ? ಕೋಡಿನ ಹ್ಯಾಶ್ (ಪಠ್ಯದಿಂದ ಸಿಗುವ ಚಿಕ್ಕ ಗುರುತು ಸಂಖ್ಯೆ) ಲೆಕ್ಕ ಹಾಕಿ ಕೋಡಿನಲ್ಲೇ ಇಟ್ಟುಬಿಟ್ಟರೆ ಆಗುವುದಿಲ್ಲವೇ? ಮತ್ತೆ, ನಿಜ ಜೀವನದಲ್ಲಿ ಇದು ಎಲ್ಲಿಯಾದರೂ ಬೇಕಾಗುತ್ತದಾ?

ಉತ್ತರ: ಭದ್ರತಾ ವಿಭಾಗದಲ್ಲಿ ಕೆಲಸ ಮಾಡುವವರಿಂದ

ಹ್ಯಾಶ್ ವಿಷಯ ಬೇಗ ಮುಗಿಯುತ್ತದೆ. ಹ್ಯಾಶ್ ಅನ್ನು ಕೋಡಿಗೆ ಸೇರಿಸಿದ ಕ್ಷಣ ಕೋಡ್ ಬದಲಾಯಿತು, ಹ್ಯಾಶೂ ಬದಲಾಯಿತು. ಎಸ್‌ಎಚ್‌ಎ-256 ಥರದ್ದರಲ್ಲಿ ಅದನ್ನು ಹಿಂದಿನಿಂದ ಹೊಂದಿಸಿಕೊಂಡು ಬರಲು ಯಾರಿಗೂ ದಾರಿ ಗೊತ್ತಿಲ್ಲ. ಅದರ ಬದಲು ಓಡುವಾಗ ಅಚ್ಚಿನಿಂದ ತನ್ನ ಕೋಡನ್ನು ಕಟ್ಟಿಕೊಂಡು, ಆಮೇಲೆ ಅದರ ಹ್ಯಾಶ್ ಲೆಕ್ಕ ಹಾಕಬಹುದು. ಆದರೆ ಕೋಡೇ ಕೈಯಲ್ಲಿರುವಾಗ ಹ್ಯಾಶ್ ಯಾಕೆ ಬೇಕು?

ಎರಡನೇ ಪ್ರಶ್ನೆ ನನಗೆ ತುಂಬಾ ಮುಖ್ಯ. ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅವರಿಗೆ 1983ರ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ಸಂದರ್ಭದ ಅವರ ಭಾಷಣ 1984ರ ಆಗಸ್ಟ್‌ನಲ್ಲಿ ಅಚ್ಚಾಯಿತು. ಅವರು ಮಾತು ಶುರು ಮಾಡಿದ್ದೇ ತನ್ನನ್ನು ತಾನು ಬರೆದುಕೊಳ್ಳುವ ಪ್ರೋಗ್ರಾಮಿನಿಂದ. ಅಲ್ಲಿಂದ ಅವರು ಒಂದು ಸಿ ಕಂಪೈಲರ್ (ಸೋರ್ಸ್ ಕೋಡನ್ನು ಓಡಿಸಬಲ್ಲ ಪ್ರೋಗ್ರಾಂ ಮಾಡಿಕೊಡುವ ಸಾಧನ) ಹತ್ತಿರ ಬರುತ್ತಾರೆ. ಆ ಕಂಪೈಲರ್ ಎರಡು ಸೋರ್ಸ್ ಕೋಡ್‌ಗಳನ್ನು ಗುರುತು ಹಿಡಿಯುತ್ತದೆ. ಒಂದು, ಲಾಗಿನ್ ಪ್ರೋಗ್ರಾಮಿನದು. ಅದು ಕಂಡರೆ ಒಂದು ಕಳ್ಳಬಾಗಿಲು ಸೇರಿಸುತ್ತದೆ. ಇನ್ನೊಂದು, ಕಂಪೈಲರ್‌ನದೇ ಸೋರ್ಸ್ ಕೋಡ್. ಅದು ಕಂಡರೆ ಈ ಎರಡೂ ಗುರುತು ಹಿಡಿಯುವ ಬುದ್ಧಿಯನ್ನು ಹೊಸ ಕಂಪೈಲರ್‌ಗೂ ತುಂಬುತ್ತದೆ. ಒಮ್ಮೆ ಹೀಗೆ ಕಂಪೈಲ್ ಮಾಡಿದ ಮೇಲೆ ಸೋರ್ಸ್ ಕೋಡಿನಿಂದ ಆ ಸಾಲುಗಳನ್ನು ಅಳಿಸಿಹಾಕಬಹುದು. ಸೋರ್ಸ್ ಪೂರ್ತಿ ಶುದ್ಧ, ಎಷ್ಟು ಓದಿದರೂ ಏನೂ ಸಿಗುವುದಿಲ್ಲ. ಕಳ್ಳಬಾಗಿಲು ಮಾತ್ರ ಒಂದು ಕಂಪೈಲರ್‌ನಿಂದ ಮುಂದಿನದಕ್ಕೆ ಇಳಿದು ಬರುತ್ತಲೇ ಇರುತ್ತದೆ. ಅವರದು ಇಡೀ ಪಠ್ಯದ ಹೋಲಿಕೆ ಅಲ್ಲ, ಕೋಡಿನ ಒಂದು ಗುರುತಿನ ತುಂಡನ್ನು ಹುಡುಕುವುದು. ಆದರೆ ಬೇರು ನಿಮ್ಮ ಕ್ಲಬ್ಬಿನ ಸವಾಲಿನದೇ.

ಇದಕ್ಕೆ ಮದ್ದನ್ನು ಡೇವಿಡ್ ವೀಲರ್ 2005ರಲ್ಲಿ ವಿವರವಾಗಿ ಬರೆದರು. ಸಂಬಂಧವಿಲ್ಲದ ಇನ್ನೊಂದು ಕಂಪೈಲರ್‌ನಿಂದ ಅನುಮಾನವಿರುವ ಕಂಪೈಲರಿನ ಸೋರ್ಸನ್ನು ಕಂಪೈಲ್ ಮಾಡಿ. ಬಂದದ್ದರಿಂದ ಅದೇ ಸೋರ್ಸನ್ನು ಮತ್ತೆ ಕಂಪೈಲ್ ಮಾಡಿ. ಸಿಕ್ಕಿದ್ದನ್ನು ಅನುಮಾನವಿರುವ ಆ ಕಂಪೈಲರ್ ಜೊತೆ ಬಿಟ್ ಬಿಟ್ ಹೋಲಿಸಿ. ನಾನು ಕೆಲಸದಲ್ಲಿ ಬಿಲ್ಡ್‌ಗಳನ್ನು ಹೋಲಿಸುವಾಗಲೆಲ್ಲ ಆ ಭಾಷಣ ನೆನಪಾಗುತ್ತದೆ.

ಸವಾಲು ಮುಂದುವರಿಸುವವರಿಗೆ ಒಂದು ಎಚ್ಚರಿಕೆ. ‘ಜಾಗ, ಖಾಲಿ ಸಾಲು ಬದಲಾದರೂ ಗುರುತಿಸಲಿ’ ಅಂದರೆ ಬರೆಯಬಹುದು. ‘ನನ್ನ ಹಾಗೇ ಕೆಲಸ ಮಾಡುವ ಯಾವ ಕೋಡನ್ನಾದರೂ ಗುರುತಿಸಲಿ’ ಅಂದರೆ ಆಗುವುದಿಲ್ಲ. ಅದು ಸಾಧ್ಯವೇ ಇಲ್ಲ ಎಂಬುದು 1953ರಲ್ಲಿ ಹೆನ್ರಿ ರೈಸ್ ಪ್ರಕಟಿಸಿದ ಪ್ರಮೇಯದಿಂದ ಸಿಗುತ್ತದೆ. ಅದರ ಹಿಂದೆ ಬಿದ್ದು ದಿನ ಕಳೆಯಬೇಡಿ.

ಕೇಳಿದವರು

ಆಯಿತು! ಉದ್ದ ಎಣಿಸಿದೆ, ವ್ಯತ್ಯಾಸ ಸರಿಯಾಗಿ 9 ಬಂತು. ತಲೆ ಕೆಟ್ಟಿತು. ಆಮೇಲೆ ಹೊಳೆಯಿತು. ಅಚ್ಚು ಕಟ್ಟಿದ್ದು 10 ಜಾಸ್ತಿ, ಎಡಿಟರ್ ಸೇರಿಸಿದ ಹೊಸ ಸಾಲಿನಿಂದ ಫೈಲು 1 ಜಾಸ್ತಿ. ಎರಡೂ ತೊಂದರೆ ಒಟ್ಟಿಗೇ ಇದ್ದವು. ಅಚ್ಚಿನಿಂದಲೇ ಫೈಲ್ ಬರೆಸಿ, ಬೈಟ್‌ಗಳಾಗಿ ಹೋಲಿಸಿದ ಮೇಲೆ ‘ಹೌದು’ ಬಂತು. ಸಿ ಬರೆದವರು ಹೇಳಿದ ಎಲ್ಲ ಇನ್‌ಪುಟ್ ಕೊಟ್ಟೆ, ಎಲ್ಲದಕ್ಕೂ ‘ಇಲ್ಲ’ ಅಂದಿತು.

ನಿನ್ನೆ ಗೆಳತಿಯೊಬ್ಬಳು ನಾವು ಕೋಡ್ ಹಂಚಿಕೊಳ್ಳುವ ಗಿಟ್‌ನಿಂದ ತನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಓಡಿಸಿದಳು. ಅಲ್ಲಿ ‘ಇಲ್ಲ’ ಅಂದಿತು. ನೋಡಿದರೆ ಇಳಿಸುವಾಗ ಗಿಟ್ ಸಾಲಿನ ಕೊನೆಯನ್ನು ವಿಂಡೋಸ್ ಮಾದರಿಗೆ ಬದಲಿಸಿತ್ತು. ನನ್ನ ಪ್ರೋಗ್ರಾಂ ಹೇಳಿದ್ದೇ ಸರಿ, ಅದು ನಾನು ಬರೆದ ಫೈಲಾಗಿ ಉಳಿದಿರಲಿಲ್ಲ. ಗಿಟ್‌ಗೆ ಈ ಫೈಲನ್ನು ಮುಟ್ಟಬೇಡ ಎಂದು ಹೇಳಿಟ್ಟಿದ್ದೇವೆ. ಈಗ ನಾವಿಬ್ಬರೂ ಸೇರಿ ಒಂದು ಜೋಡಿ ಬರೆಯಲು ಕೂತಿದ್ದೇವೆ. ನನ್ನದು ಪೈಥಾನ್, ಅವಳದು ಸಿ. ನನ್ನದು ಅವಳ ಕೋಡನ್ನು ಮಾತ್ರ ಗುರುತಿಸಬೇಕು, ಅವಳದು ನನ್ನದನ್ನು. ಯಾರಾದರೂ ಬರೆದಿದ್ದರೆ ಎಲ್ಲಿಂದ ಶುರು ಮಾಡಿದಿರಿ ಹೇಳಿ.