ಸೆಸ್ನಾ 172 ಎಲಿವೇಟರ್ ಕೇಬಲ್: ಬಿಗಿತ ಸರಿ ತೋರಿಸಿದರೆ ಕೆಲಸ ಮುಗಿಯಿತೇ?

ಬಾಲದಕಡೆ ಕೇಳಿದ್ದು:

ಸಣ್ಣ ವಿಮಾನ ಸೆಸ್ನಾ 172ರ ಸರ್ವಿಸ್ ಮ್ಯಾನ್ಯುಅಲ್‌ನಲ್ಲಿ ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಫಲಕ) ಕೇಬಲ್ ಬಿಗಿತ 30 ಪೌಂಡ್, ಅದಕ್ಕೆ 10 ಹೆಚ್ಚು ಅಥವಾ ಕಡಿಮೆ ಇರಬಹುದು ಎಂದಿದೆ. ಆ ಅಂಕಿ ಊರಿನ ಸರಾಸರಿ ತಾಪಮಾನಕ್ಕೆ ಎಂಬ ಮಾತೂ ಜೊತೆಗಿದೆ. ತಾಪಮಾನಕ್ಕೂ ಬಿಗಿತಕ್ಕೂ ಅಷ್ಟೊಂದು ಸಂಬಂಧ ಇದೆಯೇ? ಟರ್ನ್‌ಬಕಲ್ (ಕೇಬಲ್ ಬಿಗಿ ಮಾಡುವ ತಿರುಪು) ತಿರುಗಿಸಿ ಟೆನ್ಸಿಯೋಮೀಟರ್‌ನಲ್ಲಿ (ಬಿಗಿತ ಅಳೆಯುವ ಉಪಕರಣ) 30 ಬಂದರೆ ಅಲ್ಲಿಗೆ ಮುಗಿಯಿತು ಅನ್ನಬಹುದೇ? ಕೇಬಲ್ ಬದಲಿಸಬೇಕು ಅಂತ ಯಾವ ಗುರುತು ನೋಡಿ ತೀರ್ಮಾನಿಸುತ್ತೀರಿ?

ರಿಗ್ಗಿಂಗ್‌ಪಿನ್ ಉತ್ತರ:

ಮುಗಿಯುವುದಿಲ್ಲ. ಎಡವುವುದೇ ಇಲ್ಲಿ, ಹಾಗಾಗಿ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ.

ಯೋಕ್ (ಪೈಲಟ್ ಹಿಡಿಯುವ ಚುಕ್ಕಾಣಿ) ಎಳೆದಾಗ ಆಗುವುದು ಇಷ್ಟು: ಯೋಕ್ ಕೂತ ಕಂಬದ, ಅಂದರೆ ಕಂಟ್ರೋಲ್ ಕಾಲಮ್‌ನ ಕೆಳತುದಿಯಿಂದ ಎರಡು ಕೇಬಲ್ ಹೊರಟು, ನೆಲದಡಿಯ ರಾಟೆಗಳನ್ನು ಸುತ್ತಿ ಬಾಲದೊಳಗಿನ ಬೆಲ್‌ಕ್ರ್ಯಾಂಕ್‌ಗೆ (ತಿರುಗುವ ಸನ್ನೆ) ಹೋಗುತ್ತವೆ. ಒಂದು ಎಲಿವೇಟರನ್ನು ಮೇಲಕ್ಕೆ ಎಳೆಯುವುದು, ಇನ್ನೊಂದು ಕೆಳಕ್ಕೆ. ಕೇಬಲ್‌ಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಅದಕ್ಕೇ ಎರಡು ಬೇಕು. ಬೆಲ್‌ಕ್ರ್ಯಾಂಕ್‌ನಿಂದ ಎಲಿವೇಟರ್‌ಗೆ ಮಾತ್ರ ತಳ್ಳುವ-ಎಳೆಯುವ ರಾಡ್ ಇದೆ. ಅಂದರೆ ಎರಡು ಕೇಬಲ್ ಸೇರಿ ಒಂದೇ ಸುತ್ತು. ಅದರಲ್ಲಿ ಯಾವ ಒಂದನ್ನು ಬಿಗಿ ಮಾಡಿದರೂ ಎರಡರಲ್ಲೂ ಬಿಗಿತ ಏರುತ್ತದೆ. ಟೆನ್ಸಿಯೋಮೀಟರ್ 30 ತೋರಿಸಿ ಸಮಾಧಾನ ಹೇಳುತ್ತದೆ. ಆದರೆ ನೀವು ಒಂದು ಕಡೆಯದನ್ನು ಮಾತ್ರ ಗಿಡ್ಡ ಮಾಡಿರುವುದರಿಂದ ಯೋಕ್‌ನ ನಡುಸ್ಥಾನ ಮುಂದಕ್ಕೋ ಹಿಂದಕ್ಕೋ ಸರಿದಿದೆ. ಬೆಲ್‌ಕ್ರ್ಯಾಂಕ್ ತನ್ನನ್ನು ಕೊನೆಯಲ್ಲಿ ತಡೆಯುವ ಸ್ಟಾಪ್ ಬೋಲ್ಟ್ ಮುಟ್ಟುವ ಮೊದಲೇ ಯೋಕ್ ತನ್ನ ಕೊನೆ ಮುಟ್ಟಿಬಿಡುತ್ತದೆ, ಎಲಿವೇಟರ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಆದ್ದರಿಂದ ಕ್ರಮ ಹೀಗೆ: ಮೊದಲು ಕಾಲಮನ್ನು ನಡುಸ್ಥಾನದಲ್ಲಿ ಲಾಕ್ ಮಾಡಿ. ಎಲಿವೇಟರ್ ನಡುಸ್ಥಾನಕ್ಕೆ ಬರುವಂತೆ ಎರಡೂ ಟರ್ನ್‌ಬಕಲ್‌ಗಳನ್ನು ಹೊಂದಿಸುತ್ತ ಬಿಗಿತಕ್ಕೆ ಬನ್ನಿ. ಆಮೇಲೆ ಲಾಕ್ ತೆಗೆದು, ಎಲಿವೇಟರ್ ಮೇಲೆ ಇನ್‌ಕ್ಲಿನೋಮೀಟರ್ ಇಟ್ಟು, ಯೋಕನ್ನು ಎರಡೂ ಕೊನೆಗೆ ಒಯ್ದು ಕೋನ ಅಳೆಯಿರಿ. 70ರ ದಶಕದ ಕೊನೆಯ ಮಾದರಿಗಳಲ್ಲಿ ಮೇಲಕ್ಕೆ 28 ಡಿಗ್ರಿ, ಕೆಳಕ್ಕೆ 23 ಡಿಗ್ರಿ. ಒಂದು ಡಿಗ್ರಿ ಹೆಚ್ಚಾದರೆ ಸರಿ, ಕಡಿಮೆ ಆಗುವಂತಿಲ್ಲ. ನಿಮ್ಮ ವಿಮಾನದ ಸೀರಿಯಲ್ ನಂಬರಿಗೆ ಇರುವ ಪುಟವನ್ನೇ ನೋಡಿ. ಕೋನ ಅಳೆಯದೆ ಸೇಫ್ಟಿ ವೈರ್ (ಟರ್ನ್‌ಬಕಲ್ ತಾನಾಗಿ ತಿರುಗದಂತೆ ಕಟ್ಟುವ ತಂತಿ) ಹಾಕಬೇಡಿ.

ಇದು ಬರೀ ಪುಸ್ತಕದ ಮಾತಲ್ಲ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ ಏರ್ ಮಿಡ್‌ವೆಸ್ಟ್ 5481, ಬೀಚ್ 1900ಡಿ ವಿಮಾನ, ಮೇಲೇರುತ್ತಲೇ ಬಿತ್ತು. ಅದರಲ್ಲಿದ್ದ 21 ಜನರೂ ಸತ್ತರು. ಎರಡು ರಾತ್ರಿ ಮುಂಚೆ ಅದರ ಎಲಿವೇಟರ್ ಕೇಬಲ್ ಬಿಗಿತವನ್ನೇ ಹೊಂದಿಸಿದ್ದರು, ಕೈಪಿಡಿಯ ಕೆಲವು ಹಂತ ಬಿಟ್ಟು. ಮೂಗು ಇಳಿಸುವ ಕಡೆ ಎಲಿವೇಟರ್ ಸುಮಾರು ಅರ್ಧದಷ್ಟೇ ತಿರುಗುತ್ತಿತ್ತು. ಹಾಗಿದ್ದೂ ಅದು ಒಂಬತ್ತು ಸಲ ಹಾರಿ ಇಳಿದಿತ್ತು. ಹತ್ತನೇ ಸಲ ತೂಕ ಹೆಚ್ಚಾಗಿ, ಭಾರಕೇಂದ್ರ ಮಿತಿಗಿಂತ ಹಿಂದಕ್ಕೆ ಹೋಗಿತ್ತು. ಮೂಗು ಇಳಿಸಲು ಪೂರ್ತಿ ಎಲಿವೇಟರ್ ಬೇಕಾದ ಹೊತ್ತಿಗೆ ಅದು ಇರಲಿಲ್ಲ.

ಹತ್ತೊಂಬತ್ತು_ತಂತಿ ಉತ್ತರ:

ತಾಪಮಾನದ ಲೆಕ್ಕ ಸುಲಭ. ವಿಮಾನದ ಮೈ ಅಲ್ಯೂಮಿನಿಯಂ, ಕೇಬಲ್ ಉಕ್ಕು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಐದು ಮೀಟರ್ ಉದ್ದಕ್ಕೆ, 20 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ, ಎರಡರ ನಡುವೆ ಸುಮಾರು ಒಂದು ಮಿಲಿಮೀಟರ್ ಅಂತರ ಬರುತ್ತದೆ. ಕೇಳಲು ಸಣ್ಣದು, ಆದರೆ ಬಿಗಿಯಾಗಿ ಎಳೆದ ಕೇಬಲ್‌ನಲ್ಲಿ ಒಂದು ಮಿಲಿಮೀಟರ್ ಮೀಟರಿನ ಮುಳ್ಳನ್ನು ಚೆನ್ನಾಗಿಯೇ ಸರಿಸುತ್ತದೆ. ಬಿಸಿಲಲ್ಲಿ ಬಿಗಿ, ಚಳಿಯಲ್ಲಿ ಸಡಿಲ. ಏಪ್ರಿಲ್ ಮಧ್ಯಾಹ್ನ ಟಾರ್ಮ್ಯಾಕ್‌ನಿಂದ ಈಗಷ್ಟೇ ಒಳಗೆ ತಳ್ಳಿದ ವಿಮಾನದ ಮೇಲೆ ಅಳೆದು ಹೊಂದಿಸಿದರೆ ಬೆಳಗಿನ ಜಾವಕ್ಕೆ ಅದು ಸಡಿಲವಾಗಿಯೇ ಇರುತ್ತದೆ. ಹ್ಯಾಂಗರ್‌ನ ನೆರಳಲ್ಲಿ ಮೈಯೆಲ್ಲ ಒಂದೇ ಹದಕ್ಕೆ ಬರುವತನಕ ಬಿಟ್ಟು ಅಳೆಯಿರಿ. ದೊಡ್ಡ ವಿಮಾನಗಳಲ್ಲಿ ಈ ವ್ಯತ್ಯಾಸವನ್ನು ತಾನೇ ನುಂಗಿಕೊಳ್ಳಲು ಟೆನ್ಷನ್ ರೆಗ್ಯುಲೇಟರ್ ಕೂರಿಸಿರುತ್ತಾರೆ, 172ರಲ್ಲಿ ಅದಿಲ್ಲ.

ಟೆನ್ಸಿಯೋಮೀಟರ್‌ಗೆ ಕೇಬಲ್ ದಪ್ಪಕ್ಕೆ ತಕ್ಕ ರೈಸರ್ (ಕೇಬಲನ್ನು ಒತ್ತುವ ಬಿಡಿಭಾಗ) ಹಾಕಿ, ಆ ಉಪಕರಣದ ಜೊತೆ ಬಂದ ಪಟ್ಟಿಯಲ್ಲೇ ಓದಿ. ರಾಟೆ, ಟರ್ನ್‌ಬಕಲ್‌ಗಳ ಪಕ್ಕದಲ್ಲಿ ಹಿಡಿಯಬೇಡಿ. ಮೂರು ನಾಲ್ಕು ಸಲ ಅಳೆದು ಸರಾಸರಿ ತೆಗೆಯಿರಿ.

ಸಡಿಲವಾದರೆ ಎಳೆಯದ ಕಡೆಯ ಕೇಬಲ್ ಜೋಲುತ್ತದೆ, ಬಾವಿಯ ಹಗ್ಗ ರಾಟೆಯಿಂದ ಜಾರಿದಂತೆ ರಾಟೆಯ ತೋಡಿನಿಂದ ಹೊರಬೀಳಲು ನೋಡುತ್ತದೆ (ರಾಟೆಗೆ ಗಾರ್ಡ್ ಪಿನ್ ಇರುವುದು ಇದನ್ನು ತಡೆಯಲೆಂದೇ). ಅತಿ ಬಿಗಿಯಾದರೆ ಘರ್ಷಣೆ ಹೆಚ್ಚಿ ಯೋಕ್ ತಾನಾಗಿ ಟ್ರಿಮ್‌ಗೆ (ಪೈಲಟ್ ಹೊಂದಿಸಿಟ್ಟ ಸ್ಥಾನಕ್ಕೆ) ಮರಳುವುದಿಲ್ಲ, ರಾಟೆಯ ಬೇರಿಂಗ್ ಬೇಗ ಸವೆಯುತ್ತದೆ.

ಬದಲಿಸುವ ವಿಚಾರ. 1/8 ಇಂಚಿನ 7x19 ಕೇಬಲ್ ಅಂದರೆ ಏಳು ಎಳೆ, ಎಳೆಗೆ 19 ತಂತಿ. ಸ್ಟೇನ್‌ಲೆಸ್ ಆದರೆ ತುಂಡಾಗಲು 1760 ಪೌಂಡ್ ಬೇಕು. 30 ಪೌಂಡ್ ಅದಕ್ಕೆ ಏನೂ ಅಲ್ಲ. ಕೇಬಲನ್ನು ಕೊಲ್ಲುವುದು ರಾಟೆಯ ಮೇಲಿನ ಬಾಗುವಿಕೆ, ಉಜ್ಜಾಟ ಮತ್ತು ತುಕ್ಕು. ಬಟ್ಟೆ ಹಿಡಿದು ಉದ್ದಕ್ಕೂ ಒರೆಸಿ, ಮುರಿದ ತಂತಿ ಬಟ್ಟೆಯನ್ನು ಕಚ್ಚುತ್ತದೆ. ಬರಿಗೈಯಲ್ಲಿ ಸವರಬೇಡಿ, ಕೈ ಸೀಳುತ್ತದೆ. ರಾಟೆ ಮತ್ತು ಫೇರ್‌ಲೀಡ್ (ಕೇಬಲ್‌ಗೆ ದಾರಿ ತೋರುವ ತೂತಿನ ತುಂಡು) ಮೇಲೆ ಓಡಾಡುವ ಭಾಗ, ಸ್ವೇಜ್ ಮಾಡಿದ (ಲೋಹದ ತೋಳು ಒತ್ತಿ ಕೂರಿಸಿದ) ತುದಿಯಿಂದ ಒಂದು ಅಡಿ, ಇವೇ ಮುಖ್ಯ ಜಾಗ. ಯೋಕನ್ನು ಒಂದು ಕೊನೆಯಲ್ಲಿಟ್ಟು ಒಮ್ಮೆ, ಇನ್ನೊಂದು ಕೊನೆಯಲ್ಲಿಟ್ಟು ಮತ್ತೊಮ್ಮೆ ನೋಡಿ. ಇಲ್ಲವಾದರೆ ರಾಟೆಯೊಳಗಿನ ತುಂಡು ಕಣ್ಣಿಗೆ ಬೀಳುವುದೇ ಇಲ್ಲ. ಹೊರತಂತಿಗಳು ಅರ್ಧದಷ್ಟು ಸವೆದು ಒಂದಕ್ಕೊಂದು ಬೆರೆತಂತೆ ನುಣುಪಾಗಿ ಕಂಡರೆ ಕೇಬಲ್ ಬದಲಿಸಿ. ತುಕ್ಕಿನ ಅನುಮಾನ ಬಂದರೆ ಸಡಿಲಿಸಿ, ಬಾಗಿಸಿ, ಎಳೆಗಳ ನಡುವೆ ನೋಡಿ. ಸಾಲ್ವೆಂಟ್‌ನಲ್ಲಿ ಅದ್ದಿ ತೊಳೆಯಬೇಡಿ, ಒಳಗಿನ ಎಣ್ಣೆ ಹೋಗಿ ತುಕ್ಕು ಒಳಗಿಂದಲೇ ಶುರುವಾಗುತ್ತದೆ.

ಬಾಲದಕಡೆ:

ಒಂದೇ ಕಡೆ ಗಿಡ್ಡ ಮಾಡಿದರೂ ಎರಡರಲ್ಲೂ ಬಿಗಿತ ಒಂದೇ ಬರುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಏಲರಾನ್‌ಗೂ (ವಿಮಾನವನ್ನು ವಾಲಿಸುವ ರೆಕ್ಕೆಯ ಫಲಕ) ಇದೇ ಲೆಕ್ಕವೇ?

ಹೆಬ್ಬೆರಳು ಉತ್ತರ:

ಹೌದು, ಅಂಕಿ ಬೇರೆ: 40 ಪೌಂಡ್, 10 ಆಚೀಚೆ. ಎರಡು ರೆಕ್ಕೆಯ ಬೆಲ್‌ಕ್ರ್ಯಾಂಕ್‌ಗಳನ್ನು ಸೇರಿಸುವ ಅಡ್ಡ ಕೇಬಲ್ ಒಂದಿದೆ, ಅದೂ ಸುತ್ತಿನ ಭಾಗ. ಏಲರಾನ್ ಮೇಲಕ್ಕೆ 20, ಕೆಳಕ್ಕೆ 15 ಡಿಗ್ರಿ. ಎರಡೂ ಸಮ ಇಲ್ಲ ಅಂತ ತಿದ್ದಲು ಹೋಗಬೇಡಿ. ಕೆಳಗಿಳಿದ ಏಲರಾನ್ ಹೆಚ್ಚು ಗಾಳಿತಡೆ ಕೊಟ್ಟು ಮೂಗನ್ನು ತಿರುವಿನ ಆಚೆಗೆ ಎಳೆಯುತ್ತದೆ, ಅದನ್ನು ಕಡಿಮೆ ಮಾಡಲು ಬೇಕೆಂದೇ ಹಾಗಿಟ್ಟಿದ್ದಾರೆ.

ಏಲರಾನ್‌ನಲ್ಲಿ ಇನ್ನೊಂದು ಅಪಾಯ: ಕೇಬಲ್ ಅದಲುಬದಲಾಗುವುದು. ಬಿಗಿತ ಸರಿ, ಕೋನ ಸರಿ, ದಿಕ್ಕು ಮಾತ್ರ ಉಲ್ಟಾ. 2018ರ ನವೆಂಬರ್ 11ರಂದು ಪೋರ್ಚುಗಲ್‌ನ ಅಲ್ವೆರ್ಕಾದಿಂದ ಭಾರೀ ನಿರ್ವಹಣೆ ಮುಗಿಸಿ ಹೊರಟ ಏರ್ ಅಸ್ತಾನಾದ ಎಂಬ್ರಾಯರ್ 190ರಲ್ಲಿ ಹೀಗೇ ಆಗಿತ್ತು. ಹಾರುವ ಮುಂಚಿನ ಪರೀಕ್ಷೆಯಲ್ಲೂ ಅದು ಸಿಕ್ಕಿಬೀಳಲಿಲ್ಲ. ಪೈಲಟ್‌ಗಳು ಏಲರಾನ್ ಉಲ್ಟಾ ಆಗಿದ್ದ ಆ ವಿಮಾನವನ್ನು ಹೇಗೋ ಹಿಡಿತಕ್ಕೆ ತಂದು ಬೇಜಾದಲ್ಲಿ ಇಳಿಸಿದರು, ಎಲ್ಲರೂ ಉಳಿದರು.

ಯೋಕ್ ಹಿಡಿದು ಎರಡೂ ಹೆಬ್ಬೆರಳು ಮೇಲಕ್ಕೆ ಎತ್ತಿ. ಯೋಕ್ ತಿರುಗಿಸಿದಾಗ ಹೆಬ್ಬೆರಳು ವಾಲಿದ ಕಡೆಯ ಏಲರಾನ್ ಮೇಲೇಳಬೇಕು. ಬರೀ 'ಅಲ್ಲಾಡುತ್ತಿದೆ' ಅಂತ ನೋಡಿದರೆ ಸಾಲದು. ಕೆಲಸ ಮಾಡಿದವರೇ ನೋಡಿದರೂ ಸಾಲದು. ಕೈ ಹಾಕದ ಇನ್ನೊಬ್ಬರು ಬಂದು ಬೇರೆಯಾಗಿ ನೋಡಿ ಸಹಿ ಹಾಕಬೇಕು.

ರಿಗ್ಗಿಂಗ್‌ಪಿನ್:

ಸೇಫ್ಟಿ ವೈರ್ ಹಾಕುವ ಮುಂಚೆ ಟರ್ನ್‌ಬಕಲ್ ನೋಡಿ. ಅದರ ಒಂದು ತುದಿಯ ಮರೆ (ತಿರುಪಿನ ಸುರುಳಿ, ಥ್ರೆಡ್) ಬಲಕ್ಕೆ ಸುತ್ತಿದ್ದು, ಅಂದರೆ ಬಲಮರೆ, ಇನ್ನೊಂದು ಎಡಮರೆ. ಎಡಮರೆಯ ಕಡೆ ಬ್ಯಾರಲ್ (ನಡುವಿನ ಕೊಳವೆ) ಸುತ್ತ ಗೀರು ಇರುತ್ತದೆ. ಎರಡನ್ನೂ ಒಟ್ಟಿಗೇ ಹಿಡಿಸಿ. ಕೊನೆಗೆ ಯಾವ ಕಡೆಯೂ ಮೂರಕ್ಕಿಂತ ಹೆಚ್ಚು ಮರೆ ಹೊರಗೆ ಕಾಣಬಾರದು. ಕಂಡರೆ ಒಳಗೆ ಕಚ್ಚಿರುವುದು ಕಡಿಮೆ, ಅಥವಾ ಕೇಬಲ್ ಉದ್ದವೇ ತಪ್ಪಿದೆ. ಎರಡಾದರೂ ಬಿಚ್ಚಿ ಮತ್ತೆ ಮೊದಲಿಂದ.