ಅಪ್‌ಡೇಟ್: ಪಡಸಾಲೆ ಗೋಡೆಯ ಪಟ್ಟೆ ಜೇಡ ಯಾವುದು ಅಂತ ಗೊತ್ತಾಯಿತು

ಹೋದ ವಾರ, ವಿಜಯಪುರದ ನಮ್ಮ ಮನೆ ಪಡಸಾಲೆಯಲ್ಲಿ ಓಡಾಡುವ ಕಪ್ಪು-ಬಿಳಿ ಪಟ್ಟೆಯ ಜಿಗಿಯುವ ಜೇಡದ ಹೆಸರು ಕೇಳಿದ್ದೆ. ಅದು ಪ್ಲೆಕ್ಸಿಪ್ಪಸ್ ಪೇಕುಲ್ಲಿ, ಗಂಡು.

"ಬೆನ್ನಿನ ಫೋಟೊ ಸಾಲದು, ಮುಖದ್ದೂ ತೆಗೀರಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಕೆಲಸ ಆಗಿದ್ದು ಅದರಿಂದಲೇ. ಸಂಜೆ ಟ್ಯೂಬ್‌ಲೈಟ್ ಹಚ್ಚಿದರೆ ಹುಳ ಹಿಡಿಯಲು ಅದರ ಹತ್ತಿರವೇ ಬರುತ್ತಿತ್ತು. ಗಾಜಿನ ಲೋಟ ಮುಚ್ಚಿ, ಕೆಳಗೆ ದಪ್ಪ ಕಾಗದ ಸರಿಸಿ ಹಿಡಿದೆ. ಮೈಯುದ್ದ ಸುಮಾರು 1 ಸೆಂ.ಮೀ. ಮುಂದಿನ ಎರಡು ದೊಡ್ಡ ಕಣ್ಣುಗಳ ನಡುವಿನಿಂದ ಶುರುವಾದ ಬಿಳಿ ಪಟ್ಟೆ ಬೆನ್ನಿನ ಮೇಲೆ ಹಾಗೇ ಮುಂದುವರಿದಿತ್ತು. ಎಷ್ಟು ಚೆಂದ ಇತ್ತು ಆ ಮುಖ! ಕೆಲವರು ಹೇಳಿದ ಮೆನೆಮೆರಸ್ ಬೈವಿಟ್ಟಾಟಸ್ ಅನ್ನೋ ಇನ್ನೊಂದು ಜಿಗಿಯುವ ಜೇಡ ಇದಲ್ಲ. ಅದೂ ಗೋಡೆ ಮೇಲೆಯೇ ಇರುತ್ತದೆ, ಆದರೆ ಮೈ ಚಪ್ಪಟೆ. ಅದರ ಗಂಡಿನ ಹೊಟ್ಟೆಯ ಮೇಲ್ಭಾಗದ ನಡುವೆ ಇರುವುದು ಕಪ್ಪು ಪಟ್ಟೆ.

ಟಾರ್ಚ್ ಹಾಕುವ ಸಲಹೆ ನಡೆಯಲಿಲ್ಲ, ಓಡಿ ಕ್ಯಾಲೆಂಡರ್ ಹಿಂದೆ ಸೇರಿಕೊಂಡಿತು. ಮೊಬೈಲ್ ಆಪ್ ಒಂದೊಂದು ಫೋಟೊಕ್ಕೆ ಒಂದೊಂದು ಹೆಸರು ಹೇಳಿತು.

ನನಗೆ ಜಾಸ್ತಿ ಆಶ್ಚರ್ಯ ಆಗಿದ್ದು ಬೇರೆ ವಿಷಯಕ್ಕೆ. ಅಡುಗೆಮನೆ ಕಿಟಕಿ ಹತ್ತಿರ ಒಂದು ಕಂದು ಜೇಡವೂ ಇತ್ತು, ಅದನ್ನು ಬೇರೆ ಜಾತಿ ಅಂದುಕೊಂಡಿದ್ದೆ. ಅದು ಇದೇ ಜಾತಿಯ ಹೆಣ್ಣು! ಬೆನ್ನಿನ ನಡುವೆ ತಿಳಿ ಪಟ್ಟೆ, ಹೊಟ್ಟೆಯ ಹಿಂಭಾಗದಲ್ಲಿ ಎರಡು ಬಿಳಿ ಚುಕ್ಕೆ. ನೀವೂ ಗುರುತಿಸುವಾಗ ಆ ಚುಕ್ಕೆ ನೋಡಿ.

ಇದು ಬೇಟೆಗೆ ಬಲೆ ಕಟ್ಟುವುದಿಲ್ಲ, ಹಾರಿ ಹಿಡಿಯುತ್ತದೆ. ಮನುಷ್ಯರಿಗೆ ಅಪಾಯ ಇಲ್ಲ ಅಂತ ಅವ್ವನಿಗೂ ಹೇಳಿದೆ. ಅದನ್ನು ಮತ್ತೆ ಅದೇ ಗೋಡೆಗೆ ಬಿಟ್ಟಿದ್ದೇವೆ.